ವಾರಾನ್ನ ಹೋಯ್ತು, ವಾರೋಪದೇಶ ಬಂತು

ನನ್ನ ಟೀ-ಶರ್ಟಿನ ಅಳತೆ ಕೇಳಿ ಆಫೀಸಿನಿಂದ ಮೇಲ್ ಬಂತು. ಅವತ್ತೇ ನಾನು ಮೆಂಟರ್ ಆದೆ. ಬೇರೆ ಯಾವ ಅರ್ಹತೆಯನ್ನೂ ಯಾರೂ ಕೇಳಲಿಲ್ಲ. ‘ಡಬಲ್ ಎಕ್ಸೆಲ್’ ಎಂದು ಬರೆದು ಕಳಿಸಿದೆ. ಮಾರನೇ ದಿನ ಉತ್ತರ ಬಂದಿತ್ತು: ‘ಅಭಿನಂದನೆಗಳು, ಇನ್ನು ಮುಂದೆ ನೀವು ಬದಲಾವಣೆಯ ಹರಿಕಾರರು.’ ಹೆಂಡತಿಗೆ ತೋರಿಸಿದೆ. “ಹಾಗಾದ್ರೆ ಮೊದಲು ಬಚ್ಚಲುಮನೆ ಬಲ್ಬ್ ಬದಲಾಯಿಸಿ, ಹೋಗಿ ಹದಿನೈದು ದಿನ ಆಯ್ತು” ಅಂದಳು.

ನಮ್ಮ ಆಫೀಸು ಬೆಂಗಳೂರಿನ ಹೊರವರ್ತುಲ ರಸ್ತೆಯ ಪಕ್ಕದ ಗಾಜಿನ ಕಟ್ಟಡ. ಹನ್ನೊಂದನೇ ಮಹಡಿಯ ಪ್ಯಾಂಟ್ರಿಯಲ್ಲಿ ಕಾಫಿ ಲೋಟ ಹಿಡಿದು ಹಿಂಬದಿಗೆ ಇಣುಕಿದರೆ ರಾಜಕಾಲುವೆ. ಅದರಾಚೆ ತಗಡಿನ ಶೀಟು, ನೀಲಿ ಟಾರ್ಪಾಲು, ಟಾರ್ಪಾಲು ಗಾಳಿಗೆ ಹಾರದಿರಲಿ ಅಂತ ಮೇಲಿಟ್ಟ ಹಳೇ ಟೈರು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ನಮ್ಮ ಕಟ್ಟಡ ಕಟ್ಟಲು ಬಂದವರು ಅವರು. ಇದು ಮುಗಿಯುವಷ್ಟರಲ್ಲಿ ಪಕ್ಕದ್ದು ಶುರುವಾಯಿತು, ಅದು ಮುಗಿಯುವಷ್ಟರಲ್ಲಿ ಅದರ ಪಕ್ಕದ್ದು. ಹೀಗಾಗಿ ಅಲ್ಲೇ ಉಳಿದರು. ಎಷ್ಟೋ ವರ್ಷ ನಾವು ಆ ಕಡೆಯ ಪರದೆ ಎಳೆದುಕೊಂಡು ಮೀಟಿಂಗ್ ಮಾಡಿದೆವು. ಆಮೇಲೆ ಕಾನೂನು ಬಂದು ಪರದೆ ಸರಿಸಿತು.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಗೆ ಬಂದದ್ದು ನಿಮಗೆ ಗೊತ್ತಿರಬಹುದು. 500 ಕೋಟಿಯ ನಿವ್ವಳ ಆಸ್ತಿ, 1000 ಕೋಟಿಯ ವಹಿವಾಟು, 5 ಕೋಟಿಯ ನಿವ್ವಳ ಲಾಭ, ಈ ಮೂರರಲ್ಲಿ ಒಂದಿದ್ದರೂ ಆಯಿತು. ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಿಎಸ್‌ಆರ್ ಹೆಸರಿನಲ್ಲಿ ಸಮಾಜಕ್ಕೆ ಖರ್ಚು ಮಾಡಬೇಕು. ಕರುಣೆಗೂ ಹೀಗೊಂದು ದರ ಗೊತ್ತಾಯಿತು, ಜೊತೆಗೆ ಮಾರ್ಚ್ 31 ಎಂಬ ವಾಯಿದೆ. ಆದ್ದರಿಂದ ಬಡವರ ಮೇಲಿನ ನಮ್ಮ ಕಾಳಜಿ ಹುಣಸೆಹಣ್ಣಿನ ಸುಗ್ಗಿಯ ಹಾಗೆ ಜನವರಿಯಲ್ಲಿ ಬಲಿತು, ಮಾರ್ಚಿನಲ್ಲಿ ಉದುರಿ, ಏಪ್ರಿಲ್ ಹೊತ್ತಿಗೆ ಮರ ಬೋಳಾಗುತ್ತದೆ.

ಈ ಸಲದ ಸುಗ್ಗಿಗೆ ಆರಿಸಿಕೊಂಡ ಬೆಳೆ ‘ನಾಯಕತ್ವ ಮತ್ತು ಕಾಲೇಜಿಗೆ ಸಿದ್ಧತೆ’. ರಾಜಕಾಲುವೆಯಾಚೆಯ ಮೂವತ್ತು ಪಿಯುಸಿ ಮಕ್ಕಳು, ಈಚೆಯ ಮೂವತ್ತು ಮೆಂಟರುಗಳು, ಹನ್ನೆರಡು ಶನಿವಾರ, ಹತ್ತರಿಂದ ಹನ್ನೆರಡು ಗಂಟೆ. ಕಾರ್ಯಕ್ರಮಕ್ಕೊಂದು ಹೆಸರೂ ಇತ್ತು. ರೆಕ್ಕೆ, ಏಣಿ, ಸೂರ್ಯೋದಯ, ಇವುಗಳಲ್ಲಿ ಒಂದಾದರೂ ಇಲ್ಲದೆ ಬಡಮಕ್ಕಳ ಕಾರ್ಯಕ್ರಮಕ್ಕೆ ಹೆಸರಿಡುವ ಹಾಗಿಲ್ಲವಷ್ಟೆ. ನಮ್ಮದರಲ್ಲಿ ಮೂರೂ ಇದ್ದವು.

ಮೆಂಟರುಗಳಿಗೆ ತರಬೇತಿ 45 ನಿಮಿಷ. ಸ್ಕೂಟರ್ ಓಡಿಸಲು ಎಲ್‌ಎಲ್ ಮಾಡಿಸಿ ತಿಂಗಳು ಕಾಯಬೇಕಾದ ಊರಿನಲ್ಲಿ ಮಕ್ಕಳ ಭವಿಷ್ಯ ಓಡಿಸಲು ಮುಕ್ಕಾಲು ಗಂಟೆ ಸಾಕಾಯಿತು. ನಿಯಮಗಳು ಮೂರು. ಒಂದು: ಉಪದೇಶ ಮಾಡಬೇಡಿ, ಕೇಳಿಸಿಕೊಳ್ಳಿ. ಇದನ್ನು ಹೇಳಿ ಉಪದೇಶದ 40 ಸ್ಲೈಡುಗಳನ್ನು ಕೈಗಿತ್ತರು. ಎರಡು: ಯಾವುದಕ್ಕೂ ಮಾತು ಕೊಡಬೇಡಿ. ಮೂರು: ದುಡ್ಡಿನ ವಿಷಯ ಎತ್ತಬೇಡಿ, ಮಕ್ಕಳೇ ಎತ್ತಿದರೆ ಮಾತನ್ನು ಮೆಲ್ಲಗೆ ‘ಮನೋಭಾವ’ದ ಕಡೆಗೆ ತಿರುಗಿಸಿ.

ಇನ್ನೊಂದು ಉಪನಿಯಮವೂ ಇತ್ತು. ಮಕ್ಕಳು ನಮ್ಮನ್ನು ಅಣ್ಣ, ಅಕ್ಕ ಎನ್ನಬೇಕು. ಸಾರ್, ಮೇಡಂ ಎಂದರೆ ಅಂತರ ಬೆಳೆಯುತ್ತದಂತೆ. ನನ್ನ ತಲೆ ನೋಡಿದ ಮೇಲೆ ‘ಅಣ್ಣ’ ಎನ್ನಲು ಯಾವ ಮಗುವಿಗೂ ಬಾಯಿ ಬರಲಿಲ್ಲ. ಒಬ್ಬ ಹುಡುಗ ಧೈರ್ಯ ಮಾಡಿ “ಅಣ್ಣಾ... ಸಾರ್” ಅಂದ. ಆ ಎರಡು ಪದಗಳ ನಡುವೆ ಅವನು ನಿಲ್ಲಿಸಿದಷ್ಟೇ ಅಂತರ ನಮ್ಮ ಕಾರ್ಯಕ್ರಮ ಮುಗಿಯುವವರೆಗೂ ಉಳಿಯಿತು.

ನನ್ನ ಪಾಲಿಗೆ ಬಂದವಳು 27. ಅವಳಿಗೂ ಅವ್ವ-ಅಪ್ಪ ಇಟ್ಟ ಹೆಸರಿತ್ತು. ಆದರೆ ಎಕ್ಸೆಲ್ ಶೀಟಿನಲ್ಲಿ ಖಾಸಗಿತನ ಕಾಪಾಡಬೇಕೆಂದು ‘ಬೆನಿಫಿಷಿಯರಿ 27’ ಎಂದು ನಮೂದಿಸಿದ್ದರು. ಅದೇ ಖಾಸಗಿತನದ ಹುಡುಗಿಯ ಮುಖವನ್ನು ಮೊದಲ ದಿನವೇ ಅಳೆದು ತೂಗಿ ಹನ್ನೊಂದು ಕೋನದಿಂದ ಫೋಟೊ ಹಿಡಿದು ಕಂಪನಿಯ ಲಿಂಕ್ಡ್‌ಇನ್ ಪುಟಕ್ಕೆ ಹಾಕಿದರು. ಸರ್ಕಾರಿ ಪಿಯು ಕಾಲೇಜಿನಲ್ಲಿ ಪಿಸಿಎಂಸಿ, ದ್ವಿತೀಯ ವರ್ಷ. ಕೆ.ಆರ್. ಸರ್ಕಲ್ಲಿನ ಯುವಿಸಿಇಯಲ್ಲಿ ಎಂಜಿನಿಯರಿಂಗ್ ಓದಬೇಕೆಂಬ ಆಸೆ.

ಮೊದಲ ಸ್ಲೈಡಿನ ಪ್ರಶ್ನೆಯನ್ನೇ ಕೇಳಿದೆ. “ಇನ್ನು ಐದು ವರ್ಷಕ್ಕೆ ನೀನು ಎಲ್ಲಿರ್ತೀಯ ಅಂತ ಕಣ್ಣುಮುಚ್ಚಿ ನೋಡಿ ಹೇಳಮ್ಮ.”

ಅವಳು ಕಣ್ಣು ಮುಚ್ಚಲಿಲ್ಲ. “ನಾಡಕಚೇರಿಲಿ ಸಾರ್.”

“ಅಲ್ಲೇನು ಕೆಲಸ?”

“ಇನ್‌ಕಮ್ ಸರ್ಟಿಫಿಕೇಟಿಗೆ ಐದೇ ವರ್ಷ ಸಾರ್. ಮತ್ತೆ ಮಾಡಿಸ್ಬೇಕಲ್ಲ.”

ಸ್ಲೈಡಿನಲ್ಲಿ ಈ ಉತ್ತರಕ್ಕೆ ಜಾಗವಿರಲಿಲ್ಲ. ‘ದೂರದೃಷ್ಟಿ: ಸುಧಾರಿಸಬೇಕು’ ಎಂದು ಬರೆದುಕೊಂಡೆ. ಊರಿಗೆ ಊರೇ ಮುಂದಿನ ಸಂಬಳದ ದಿನದಾಚೆ ನೋಡದಿರುವಾಗ, ಒಂದು ಕಾಗದ ಯಾವಾಗ ಸಾಯುತ್ತದೆಂದು ಐದು ವರ್ಷ ಮೊದಲೇ ತಿಳಿದಿದ್ದವಳಿಗೆ ನಾನು ಕೊಟ್ಟ ಅಂಕ ಹತ್ತಕ್ಕೆ ಮೂರು.

ಎರಡನೇ ಶನಿವಾರ ಗೋಪುರದ ಆಟ. ಹಳೇ ಪೇಪರು, ಜ್ಯೂಸಿನ ಸ್ಟ್ರಾ, ಒಂದು ಸುತ್ತು ಸೆಲ್ಲೋಟೇಪು. ಇಪ್ಪತ್ತು ನಿಮಿಷದಲ್ಲಿ ಆದಷ್ಟು ಎತ್ತರದ ಗೋಪುರ ಕಟ್ಟಬೇಕು. ಮಕ್ಕಳದೊಂದು ಗುಂಪು, ನಮ್ಮದೊಂದು. ನಮ್ಮ ಗುಂಪಿನಲ್ಲಿ ಮೂವರು ಎಂಜಿನಿಯರುಗಳು, ಒಬ್ಬ ಎಂಬಿಎ. ಯಾರು ಮುಂದಾಳು ಎಂದು ತೀರ್ಮಾನಿಸಲು ಒಂಬತ್ತು ನಿಮಿಷ ಹೋಯಿತು. ಉಳಿದ ಹನ್ನೊಂದು ನಿಮಿಷದಲ್ಲಿ ಗೋಪುರ ಮೂರು ಸಲ ಬಿತ್ತು. ಮಕ್ಕಳ ಗುಂಪಿನಲ್ಲಿ 14ನೇ ನಂಬರಿನ ಹುಡುಗನಿದ್ದ, ಅಪ್ಪ ಸೆಂಟ್ರಿಂಗ್ ಕೆಲಸದವರು. ಅವನು ಯಾರನ್ನೂ ಕೇಳಲಿಲ್ಲ; ಪೇಪರನ್ನು ಬಿಗಿಯಾಗಿ ಸುತ್ತಿ ನಾಲ್ಕು ಕಂಬ ನಿಲ್ಲಿಸಿದ, ಸ್ಟ್ರಾಗಳನ್ನು ಓರೆಯಾಗಿ ಹಾಯಿಸಿ ಸಾರುವೆ ಕಟ್ಟುವ ಹಾಗೆ ಕಟ್ಟಿದ. “ಅಡ್ಡ ಕೊಡದಿದ್ರೆ ನಿಲ್ಲಲ್ಲ” ಅಂದದ್ದು ಬಿಟ್ಟರೆ ಮಾತೇ ಇಲ್ಲ. ಎಂಟು ನಿಮಿಷಕ್ಕೆ ಗೋಪುರ ಅವನ ಎದೆಮಟ್ಟ ಬಂದು ನಿಂತಿತು. ನಿಂತೇ ಇತ್ತು.

ತರಬೇತಿ ಕೊಡಲು ಬಂದಿದ್ದ ಮೇಡಂ ಇಕ್ಕಟ್ಟಿಗೆ ಸಿಕ್ಕಿದರು. ಅವರ ಮುಂದಿನ ಸ್ಲೈಡು ‘ಸೋಲೇ ಗೆಲುವಿನ ಸೋಪಾನ’. ಮಕ್ಕಳು ಸೋಲದೆ ಅದನ್ನು ಹಾಕುವ ಹಾಗಿಲ್ಲ. ಬಿದ್ದದ್ದು ನಮ್ಮ ಗೋಪುರವಾದರೂ ನಾವು ಫಲಾನುಭವಿಗಳಲ್ಲ. ಕೊನೆಗೆ ಅವರು ಮಕ್ಕಳ ಕಡೆ ತಿರುಗಿ, “ಈಗ ನಿಮ್ಮ ಗೋಪುರ ಬಿತ್ತು ಅಂತ ಅಂದ್ಕೊಳ್ಳಿ. ಆಗ ಏನನ್ನಿಸುತ್ತೆ?” ಎಂದು ಕೇಳಿದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚೆನ್ನಾಗಿ ನಿಂತ ಗೋಪುರವನ್ನು ಬಿದ್ದಿದೆ ಎಂದುಕೊಳ್ಳುವುದು ಅವರಿಗೆ ಗೊತ್ತಿರಲಿಲ್ಲ. ಅದಕ್ಕೆ ಬಿಸಿನೆಸ್ ಓದಿರಬೇಕು.

ಮೂರನೇ ವಾರ ಕನಸಿನ ಫಲಕ. ಪತ್ರಿಕೆಗಳಿಂದ ಚಿತ್ರ ಕತ್ತರಿಸಿ ರಟ್ಟಿಗೆ ಅಂಟಿಸಿ ತಮ್ಮ ಭವಿಷ್ಯ ತೋರಿಸಬೇಕು. ಪತ್ರಿಕೆ ತರಲು ಯಾರಿಗೂ ನೆನಪಾಗಿರಲಿಲ್ಲ. ನಮ್ಮ ಕಂಪನಿಯದೇ ಹಳೇ ಬ್ರೋಷರುಗಳ ಕಟ್ಟು ಸಿಕ್ಕಿತು. ಹೀಗಾಗಿ ಮೂವತ್ತೂ ಮಕ್ಕಳ ಭವಿಷ್ಯ ನಮ್ಮ ಕಟ್ಟಡದ ಹಾಗೆಯೇ ಕಂಡಿತು. 27 ಒಂದು ಚಿತ್ರ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. ಮುಖ ಕಾಣುವಷ್ಟು ಹೊಳೆಯುವ ಗ್ರಾನೈಟ್ ನೆಲ, ಅದರ ಮೇಲೆ ನಗುತ್ತಾ ನಡೆಯುವ ಮೂವರು ನೌಕರರು.

“ಇಲ್ಲಿ ನಿನ್ನನ್ನು ನೋಡ್ತಾ ಇದೀಯ ಅಲ್ವಾ?” ಎಂದು ಹುರಿದುಂಬಿಸಿದೆ.

“ಇಲ್ಲ ಸಾರ್. ಈ ನೆಲ ನಮ್ಮವ್ವ ಒರಸೋದು.”

ವಿಚಾರಿಸಿದರೆ ನಿಜ. ಅವಳ ತಾಯಿ ನಾಲ್ಕು ವರ್ಷದಿಂದ ನಮ್ಮದೇ ಕಟ್ಟಡದಲ್ಲಿ ಗುತ್ತಿಗೆಯ ಹೌಸ್‌ಕೀಪಿಂಗ್ ಕೆಲಸದಲ್ಲಿದ್ದಾರೆ. ನಾನು ದಿನಾ ಅವರ ಎದುರಿಗೇ ‘ನೆಲ ಜಾರುತ್ತದೆ, ಎಚ್ಚರಿಕೆ’ ಎಂಬ ಹಳದಿ ಫಲಕ ಓದಿಕೊಂಡು ನಡೆದಿದ್ದೇನೆ. ಫಲಕ ಓದಿದ್ದೆ, ಮುಖ ನೋಡಿರಲಿಲ್ಲ.

ಇಲ್ಲಿ ಕಾಯ್ದೆಯ ಇನ್ನೊಂದು ಸೊಗಸು ಹೇಳಲೇಬೇಕು. ಕಂಪನಿಯ ಸ್ವಂತ ನೌಕರರಿಗಷ್ಟೇ ಒದಗುವ ಸೌಲಭ್ಯ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ ಎನ್ನುತ್ತವೆ ನಿಯಮಗಳು. ಸರಿಯಾದದ್ದೇ, ಇಲ್ಲದಿದ್ದರೆ ನಮ್ಮ ಡೈರೆಕ್ಟರುಗಳ ಗಾಲ್ಫ್ ಕೂಡ ಸಮಾಜಸೇವೆಯಾಗುತ್ತಿತ್ತು. ಆದರೆ ಆ ತಾಯಿಯ ವಿಷಯದಲ್ಲಿ ಲೆಕ್ಕ ಹೇಗೆ ಕೂರುತ್ತದೆ ನೋಡಿ. ಪಿ.ಎಫ್., ರಜೆ, ಬಡ್ತಿ ಎಂದರೆ ಅವರು ನಮ್ಮ ನೌಕರರಲ್ಲ, ಗುತ್ತಿಗೆದಾರನವರು. ಅವರ ಸಂಬಳಕ್ಕೆ ಸಾವಿರ ರೂಪಾಯಿ ಸೇರಿಸಿದರೆ ಅದು ‘ವೆಚ್ಚ’, ವೆಚ್ಚವನ್ನು ತಗ್ಗಿಸಬೇಕು. ಅದೇ ಮನೆಯ ಮಗಳಿಗೆ ಶನಿವಾರ ಸ್ಟ್ರಾ, ಸೆಲ್ಲೋಟೇಪು ಕೊಟ್ಟರೆ ಅದು ‘ಪರಿಣಾಮ’, ಪರಿಣಾಮವನ್ನು ಹೆಚ್ಚಿಸಬೇಕು. ಬೇರಿಗೆ ನೀರು ತಪ್ಪಿಸಿ ಎಲೆಗೆ ಪನ್ನೀರು ಚಿಮುಕಿಸುವ ಈ ತೋಟಗಾರಿಕೆಗೆ ನಮಗೆ ಆ ವರ್ಷ ಪ್ರಶಸ್ತಿಯೂ ಬಂತು.

ಫೆಬ್ರುವರಿಯಲ್ಲಿ 27 ಒಂದು ದಿನ ತಾನಾಗಿ ಕೇಳಿದಳು. “ಸಾರ್, ಸಿಇಟಿ ಅಪ್ಲಿಕೇಶನ್ ಹಾಕ್ಬೇಕು, ಸೈಬರ್ ಸೆಂಟರಿಗೆ ಬರ್ತೀರಾ?” ಹನ್ನೆರಡು ವಾರದ ‘ಕಾಲೇಜಿಗೆ ಸಿದ್ಧತೆ’ಯಲ್ಲಿ ಕಾಲೇಜಿಗೆ ಸಂಬಂಧಪಟ್ಟ ಮೊದಲ ಮಾತು ಅದು. ಆಡಿದವಳು ಅವಳು.

ಸೈಬರ್ ಸೆಂಟರ್ ಎಂದರೆ ಝೆರಾಕ್ಸ್ ಅಂಗಡಿಯ ಒಳಗಡೆ ಎರಡು ಕಂಪ್ಯೂಟರು, ಒಂದು ಕಿತ್ತುಹೋದ ರೆಕ್ಸಿನ್ ಕುರ್ಚಿ, ಗೋಡೆಗೆ ‘ಆಧಾರ್, ಪ್ಯಾನ್, ಆರ್‌ಟಿಸಿ, ಎಲ್ಲಾ ಮಾಡಿಕೊಡಲಾಗುವುದು’ ಎಂಬ ಕೈಬರಹ. ಮಾಲೀಕ ತಲೆ ಎತ್ತದೆಯೇ ಕೇಳಿದ: “ಆರ್‌ಡಿ ನಂಬರ್ ಇದೆಯೇನಮ್ಮ? ಸ್ಯಾಟ್ಸ್ ನಂಬರ್? ಆಧಾರಲ್ಲಿ, ಮಾರ್ಕ್ಸ್ ಕಾರ್ಡಲ್ಲಿ ಹೆಸರು ಒಂದೇ ತರಾ ಇದೆಯಾ?” ಇರಲಿಲ್ಲ. ಆಧಾರಿನಲ್ಲಿ ಹೆಸರಿನ ಕೊನೆಗೆ ಇಂಗ್ಲಿಷಿನ ‘ಎ’ ಒಂದು ಹೆಚ್ಚಾಗಿತ್ತು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದಕ್ಕೆ ಬಂದಿತ್ತು. ಕನ್ನಡದಲ್ಲಿ ಒಬ್ಬಳೇ ಇದ್ದ ಹುಡುಗಿ ಇಂಗ್ಲಿಷಿನಲ್ಲಿ ಇಬ್ಬರಾಗಿದ್ದಳು. ಇವಳ ಸ್ಕಾಲರ್‌ಶಿಪ್ಪು ಆ ಇನ್ನೊಬ್ಬಳ ಹೆಸರಿಗೆ ಹೋಗಲಾರದೆ, ಇವಳ ಖಾತೆಗೂ ಬರಲಾರದೆ ಹಿಂದಿನ ವರ್ಷ ಪೂರ್ತಿ ಎಲ್ಲೋ ನಡುದಾರಿಯಲ್ಲಿ ನಿಂತಿತ್ತು.

“ಒಂದರಿಂದ ಹತ್ತು ಎಲ್ಲಿ ಓದಿದ್ದು?” ಇದು ಅವನ ಮುಂದಿನ ಪ್ರಶ್ನೆ. ನನಗೆ ಇದ್ಯಾಕೆ ಅನ್ನಿಸಿತು. ಅವನು ವಿವರಿಸಿದ. ಸಿಇಟಿ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು. ಹತ್ತು ವರ್ಷ ಹಳ್ಳಿ ಶಾಲೆಯಲ್ಲಿ ಓದಿರಬೇಕು, ಇಲ್ಲವೇ ಹತ್ತು ವರ್ಷ ಕನ್ನಡದಲ್ಲಿ ಓದಿರಬೇಕು. ಹೆಡ್‌ಮಾಸ್ಟರ್ ಬರೆದುಕೊಟ್ಟು ಬಿಇಒ ರುಜು ಹಾಕಿರಬೇಕು. 27 ಮೂರನೇ ಕ್ಲಾಸಿನವರೆಗೆ ಯಾದಗಿರಿ ಜಿಲ್ಲೆಯ ಹಳ್ಳಿಯಲ್ಲಿದ್ದಳು. ನಾಲ್ಕಕ್ಕೆ ಬೆಂಗಳೂರಿಗೆ ಬಂದಳು, ಗ್ರಾಮೀಣ ಕೋಟಾ ಹೋಯಿತು. ಐದಕ್ಕೆ ಅವಳವ್ವ ಚೀಟಿ ಎತ್ತಿ ‘ಮಗಳು ಇಂಗ್ಲಿಷು ಕಲೀಲಿ’ ಎಂದು ಗಲ್ಲಿಯ ಕಾನ್ವೆಂಟಿಗೆ ಸೇರಿಸಿದಳು, ಕನ್ನಡ ಮಾಧ್ಯಮದ ಕೋಟಾ ಹೋಯಿತು. ಮಗಳ ಏಳಿಗೆಗೆಂದು ತಾಯಿ ಇಟ್ಟ ಒಂದೊಂದು ಹೆಜ್ಜೆಗೂ ಒಂದೊಂದು ಬಾಗಿಲು ಹಿಂದಿನಿಂದ ಮುಚ್ಚಿಕೊಂಡಿತ್ತು. ಸರ್ಕಾರದ ಲೆಕ್ಕಕ್ಕೆ ಅವಳು ಪೇಟೆಯವಳು, ಪೇಟೆಯ ಲೆಕ್ಕಕ್ಕೆ ರಾಜಕಾಲುವೆಯಾಚೆಯವಳು.

“ತಡೀರಿ,” ಮಾಲೀಕ ಮೊದಲ ಬಾರಿಗೆ ತಲೆ ಎತ್ತಿದ. “ಅಪ್ಪ ಯಾದಗಿರಿ ಅಂದ್ರಿ? ಹಾಗಾದ್ರೆ 371ಜೆ ಮೀಸಲಾತಿ ಇದೆಯಲ್ಲ! ಆ ಭಾಗದ ಕಾಲೇಜುಗಳಲ್ಲಿ ಶೇ 70, ಉಳಿದ ಕಡೆ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8. ಅಪ್ಪನ ಆಧಾರದ ಮೇಲೆ ಮಗಳಿಗೂ ಬರುತ್ತೆ. ಆದ್ರೆ ಸರ್ಟಿಫಿಕೇಟ್ ಅಲ್ಲಿನ ಎ.ಸಿ. ಆಫೀಸಿಂದ್ಲೇ ಆಗ್ಬೇಕು.”

ನಮ್ಮ 40 ಸ್ಲೈಡುಗಳಲ್ಲಿ 371ಜೆ ಇರಲಿಲ್ಲ. ಆರ್‌ಡಿ ನಂಬರ್ ಇರಲಿಲ್ಲ, ಬಿಇಒ ಇರಲಿಲ್ಲ. ‘ನಿನ್ನ ಒಳಗಿನ ಸಿಂಹವನ್ನು ಎಬ್ಬಿಸು’ ಎಂಬುದಿತ್ತು. ಸಿಂಹ ಎದ್ದಿತ್ತು, ಅದಕ್ಕೆ ಬೇಕಾಗಿದ್ದದ್ದು ಯಾದಗಿರಿಗೆ ಹೋಗಿಬರುವ ರೈಲಿನ ಚಾರ್ಜು, ಜೊತೆಗೆ ಅಪ್ಪನ ಎರಡು ದಿನದ ಕೂಲಿ.

ಅಷ್ಟರಲ್ಲಿ ಕಂಪ್ಯೂಟರು ಒಟಿಪಿ ಕೇಳಿತು. ಒಟಿಪಿ ಅಪ್ಪನ ಮೊಬೈಲಿಗೆ, ಮೊಬೈಲು ಅಪ್ಪನ ಜೇಬಿನಲ್ಲಿ, ಅಪ್ಪ ವೈಟ್‌ಫೀಲ್ಡಿನ ಯಾವುದೋ ಕಟ್ಟಡದ ಹನ್ನೆರಡನೇ ಅಂತಸ್ತಿನಲ್ಲಿ. ಮೂರು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ನಾಲ್ಕನೇ ಸಲ ಎತ್ತಿ, ಗಾರೆ ಮಿಶಿನ್ನಿನ ಸದ್ದಿನ ನಡುವೆ ಒಂದೊಂದೇ ಅಂಕಿ ಕೂಗಿ ಹೇಳುವಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿತ್ತು. ಮಾಲೀಕ ಬೇಸರಿಸದೆ ಮತ್ತೆ ಕಳಿಸಿದ. ಒಟ್ಟು ತೆಗೆದುಕೊಂಡದ್ದು 50 ರೂಪಾಯಿ. ಅವನಿಗೆ ಟೀ-ಶರ್ಟು ಇರಲಿಲ್ಲ. ಯಾರೂ ಅವನನ್ನು ಮೆಂಟರ್ ಎನ್ನುವುದಿಲ್ಲ, ‘ಸೈಬರ್ ಅಣ್ಣ’ ಎನ್ನುತ್ತಾರೆ. ಅಣ್ಣ ಎಂಬ ಪದ ಅಲ್ಲಿ ಯಾವ ಉಪನಿಯಮದ ನೆರವೂ ಇಲ್ಲದೆ ಬಾಯಿಗೆ ಬಂದಿತ್ತು.

ಯಾದಗಿರಿಯ ಖರ್ಚಿಗೆ ನಾನೇ ಕೊಡೋಣವೆಂದು ಜೇಬಿಗೆ ಕೈಹಾಕಿದೆ. ಮೂರನೇ ನಿಯಮ ನೆನಪಾಯಿತು, ಕೈ ತೆಗೆದೆ. ನಿಯಮಗಳು ಒಮ್ಮೊಮ್ಮೆ ಎಷ್ಟು ಅನುಕೂಲಕ್ಕೆ ಬರುತ್ತವೆ! “ಇಂಥ ಅಡೆತಡೆಗಳೇ ನಮ್ಮನ್ನು ಗಟ್ಟಿ ಮಾಡೋದು ಕಣಮ್ಮ” ಎಂದೆ. ಅವಳು ನನ್ನನ್ನು ನೋಡಿದ ನೋಟವನ್ನು ಬರೆಯುವುದಿಲ್ಲ. ಮುಂದಿನ ವಾರ ಅವಳಪ್ಪ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ನಿಂತುಕೊಂಡು ಊರಿಗೆ ಹೋದರು. ಚೀಟಿ ದುಡ್ಡಿನಲ್ಲಿ.

ನಮ್ಮ ತಾತ ಮೈಸೂರಿನಲ್ಲಿ ವಾರಾನ್ನ ಉಂಡು ಓದಿದವರು. ಈಗಿನವರಿಗೆ ಆ ಪದವೇ ಗೊತ್ತಿರಲಿಕ್ಕಿಲ್ಲ. ವಾರದ ಏಳು ದಿನಕ್ಕೆ ಏಳು ಮನೆ ಗೊತ್ತು ಮಾಡಿಕೊಂಡು ದಿನಕ್ಕೊಂದು ಮನೆಯಲ್ಲಿ ಊಟ ಮಾಡಿ ಶಾಲೆಗೆ ಹೋಗುವುದು. ಬುಧವಾರದ ಮನೆಯಲ್ಲಿ ಹುಳಿ ನೀರು, ಶುಕ್ರವಾರದ ಮನೆಯಲ್ಲಿ ಪಾಯಸ, ಶನಿವಾರದ ಮನೆಯವರದು ಒಪ್ಪತ್ತಾದ್ದರಿಂದ ತಾತನದೂ ಒಪ್ಪತ್ತು. ಆ ಏಳು ಮನೆಗಳಲ್ಲಿ ಯಾರೊಬ್ಬರೂ ತಾತನಿಗೆ ನಾಯಕತ್ವ ಕಲಿಸಲಿಲ್ಲ, ಅನ್ನ ಬಡಿಸಿದರು. ಈಗ ಏಳು ಕಂಪನಿಗಳು ವಾರಕ್ಕೊಮ್ಮೆ ಬಂದು ಉಪದೇಶ ಬಡಿಸುತ್ತವೆ. ವಾರಾನ್ನ ಹೋಗಿ ವಾರೋಪದೇಶ ಬಂತು. ಅನ್ನವಾದರೆ ಮನೆಯವರಿಗೂ ಒಂದು ತುತ್ತು ಕಡಿಮೆಯಾಗುತ್ತಿತ್ತು. ಉಪದೇಶದಲ್ಲಿ ಆ ತೊಂದರೆ ಇಲ್ಲ, ಎಷ್ಟು ಬಡಿಸಿದರೂ ನಮ್ಮ ಪಾತ್ರೆ ತುಂಬಿಯೇ ಇರುತ್ತದೆ.

ಆದರೆ ತಾತನ ಕಾಲವನ್ನು ಹೊಗಳಿ ಸುಮ್ಮನಾಗುವುದೂ ಮೋಸ. ವಾರಾನ್ನದ ಬಾಗಿಲು ಜಾತಿ ನೋಡಿ ತೆರೆಯುತ್ತಿತ್ತು. ತೆರೆಯದ ಬಾಗಿಲ ಮುಂದೆ ನಿಂತವರಿಗೆ ಯಾರಾದರೂ ಬೇರೆ ಮನೆಯನ್ನೇ ಕಟ್ಟಬೇಕಿತ್ತು, ಕಟ್ಟಿದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದು ಸ್ವಂತ ಜಾತಿಯವರ ಬಹಿಷ್ಕಾರ ಉಂಡರು. ತುಮಕೂರಿನ ಸಿದ್ಧಗಂಗೆಯಲ್ಲಿ ಸಾಲುಪಂಕ್ತಿಯೇ ಬಿತ್ತು. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಹೆಸರಿನ ಹಾಸ್ಟೆಲ್ ಇವತ್ತಿಗೂ ಇದೆ. ನಾಲ್ವಡಿಯವರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿ, ಮೀಸಲು ಮತ್ತು ವಿದ್ಯಾರ್ಥಿವೇತನದ ದಾರಿ ತೋರಿಸಿದರು.

27 ಸೇರಬೇಕೆಂದಿದ್ದ ಯುವಿಸಿಇಯನ್ನೇ ತೆಗೆದುಕೊಳ್ಳಿ. ಅದನ್ನು 1917ರಲ್ಲಿ ಶುರುಮಾಡಿದ ವಿಶ್ವೇಶ್ವರಯ್ಯನವರು ಹುಡುಗರಾಗಿದ್ದಾಗ ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು, ಆಮೇಲೆ ಮೈಸೂರು ಸರ್ಕಾರದ ನೆರವಿನಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಮಾಡಿದರು. ಅವರಿಗೆ ಸ್ಕಾಲರ್‌ಶಿಪ್ ಸಿಕ್ಕಿತು, ಕನಸಿನ ಫಲಕ ಸಿಗಲಿಲ್ಲ. ಆದರೂ ಕನ್ನಂಬಾಡಿ ಕಟ್ಟೆ ನಿಂತಿದೆ. ಅದೇ ವಿಶ್ವೇಶ್ವರಯ್ಯನವರು ಮಿಲ್ಲರ್ ಸಮಿತಿಯ ವಿಚಾರ ಹಿಡಿಸದೆ ದಿವಾನಗಿರಿ ಬಿಟ್ಟರು ಎಂಬುದನ್ನೂ ಸೇರಿಸಿ ಹೇಳಬೇಕು. ಏಣಿ ಹತ್ತಿ ಮೇಲೆ ಹೋದವರಿಗೆ ಏಣಿಯ ಬಗ್ಗೆ ಒಂದು ಗುಮಾನಿ ಹುಟ್ಟುತ್ತದೆ. ಅದು ಅಂಥ ದೊಡ್ಡವರನ್ನೂ ಬಿಟ್ಟಿಲ್ಲ, ಇನ್ನು ಹನ್ನೊಂದನೇ ಮಹಡಿಯ ನಮ್ಮನ್ನು ಬಿಟ್ಟೀತೆ?

ಅಂಬೇಡ್ಕರ್ ಅವರಿಗೂ ಒಬ್ಬ ಮೆಂಟರ್ ಇದ್ದರು ಎನ್ನಿ. ಮುಂಬೈಯ ಕೇಳೂಸ್ಕರ್ ಎಂಬ ಮೇಷ್ಟರು. ಹುಡುಗ ಮೆಟ್ರಿಕ್ ಪಾಸಾದಾಗ ತಾವೇ ಬರೆದ ಬುದ್ಧನ ಚರಿತ್ರೆ ಕೊಟ್ಟರು, ಮುಂದೆ ಬರೋಡದ ಸಯಾಜಿರಾವ್ ಗಾಯಕವಾಡರಿಗೆ ಪರಿಚಯ ಮಾಡಿಸಿದರು. ಮಹಾರಾಜರು ಮೊದಲು ತಿಂಗಳಿಗೆ 25 ರೂಪಾಯಿ, 1913ರಲ್ಲಿ ಕೊಲಂಬಿಯಾಕ್ಕೆ ಹೋಗುವಾಗ ತಿಂಗಳಿಗೆ ಹನ್ನೊಂದೂವರೆ ಪೌಂಡ್ ಕೊಟ್ಟರು. ಒಂದು ಪುಸ್ತಕ, ಒಂದು ಪರಿಚಯ, ತಿಂಗಳು ತಿಂಗಳು ಹಣ. ಮೆಂಟರಿಂಗ್ ಎಂದರೆ ಅಷ್ಟೆ. ನಾವು ಅದರಲ್ಲಿ ಪರಿಚಯವನ್ನು ನಮ್ಮ ಮಕ್ಕಳಿಗೆಂದು ಎತ್ತಿಟ್ಟುಕೊಂಡೆವು, ಹಣವನ್ನು ಮೂರನೇ ನಿಯಮದಲ್ಲಿ ನಿಷೇಧಿಸಿದೆವು. ಪುಸ್ತಕದ ಬದಲು ಬ್ರೋಷರು ಕೊಟ್ಟೆವು.

ಏಳನೇ ವಾರದ ವಿಷಯ ‘ಸಮಯ ನಿರ್ವಹಣೆ’. ಆ ಸ್ಲೈಡು ನೋಡುವಾಗ ನನಗೆ ಉತ್ತರಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯ ಹುಡುಗನೊಬ್ಬ ನೆನಪಾದ. ದಿನಗೂಲಿಯವರ ಮಗ, ದಲಿತ. ಐಐಟಿ ಧನಬಾದ್‌ನಲ್ಲಿ ಸೀಟು ಸಿಕ್ಕಿತು. ಸೀಟು ಉಳಿಸಿಕೊಳ್ಳಲು 17,500 ರೂಪಾಯಿಯನ್ನು 2024ರ ಜೂನ್ 24ರ ಸಂಜೆ 5ರ ಒಳಗೆ ಕಟ್ಟಬೇಕಿತ್ತು. ಮನೆಯವರು ಅಲ್ಲಿ ಇಲ್ಲಿ ಕಾಡಿಬೇಡಿ ಹೊಂದಿಸಿದಾಗ ಐದು ಗಂಟೆಗೆ ಇನ್ನು ಕೆಲವೇ ನಿಮಿಷ. ಪೋರ್ಟಲ್ ಮುಚ್ಚಿಕೊಂಡಿತು, ಸೀಟು ಹೋಯಿತು. ಆಯೋಗ, ಹೈಕೋರ್ಟು ಎಂದು ಅಲೆದ ಮೇಲೆ ಕೊನೆಗೆ ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 30ರಂದು ಸಂವಿಧಾನದ 142ನೇ ವಿಧಿಯ ವಿಶೇಷಾಧಿಕಾರ ಬಳಸಿ ಸೀಟು ಕೊಡಿಸಿತು. ನಮ್ಮ ತರಬೇತಿಯ ಮೇಡಂ ಅಲ್ಲಿದ್ದಿದ್ದರೆ ‘ಕೊನೇ ಗಳಿಗೆಯವರೆಗೆ ಕಾಯಬಾರದು’ ಎಂದು ತಿದ್ದುತ್ತಿದ್ದರು. 17,500 ರೂಪಾಯಿ ಕೊನೇ ಗಳಿಗೆಯಲ್ಲಿ ಹುಟ್ಟುವ ಮನೆಗಳಿವೆ ಎಂಬುದು ಯಾವ ಸ್ಲೈಡಿನಲ್ಲಿ ಬರುತ್ತದೆ?

ನಮ್ಮ ಕಾರ್ಯಕ್ರಮದ ಸಮಯ ನಿರ್ವಹಣೆಯನ್ನೂ ಕೇಳಿ. ದ್ವಿತೀಯ ಪಿಯು ಪರೀಕ್ಷೆ ಮಾರ್ಚಿನಲ್ಲಿ. ಓದಿಕೊಳ್ಳಬೇಕಾದ ಶನಿವಾರಗಳಲ್ಲೇ ನಾವು ಮಕ್ಕಳನ್ನು ಕರೆದು ‘ಏಕಾಗ್ರತೆ’ ಕಲಿಸಿದೆವು. ಸಿಇಟಿ ಏಪ್ರಿಲ್‌ನಲ್ಲಿ, ಸೀಟು ಹಂಚಿಕೆ, ಫೀ, ಹಾಸ್ಟೆಲ್ ಪಟ್ಟಿ ಇತ್ಯಾದಿ ಕಣ್ಣೀರಿನ ಕಾಲ ಜೂನ್ ಆದ ಮೇಲೆ. ನಮ್ಮ ‘ಕಾಲೇಜಿಗೆ ಸಿದ್ಧತೆ’ ಮುಗಿಯುವುದು ಮಾರ್ಚ್ 31ಕ್ಕೆ. ಮದುವೆಗೆ ಮೊದಲೇ ಬೀಗರ ಊಟ ಮುಗಿಸಿ ಎಲೆ ಎತ್ತುವ ಪದ್ಧತಿ.

ಇನ್ನು ನಾಯಕತ್ವ. ರಾಜಕಾಲುವೆಯಾಚೆ ನೀರಿನ ಟ್ಯಾಂಕರ್ ಬಂದಾಗ 27 ಸರದಿ ನಿಲ್ಲಿಸುವುದನ್ನು ಪ್ಯಾಂಟ್ರಿಯಿಂದಲೇ ನೋಡಿದ್ದೇನೆ. ಮನೆಗೆ ನಾಲ್ಕು ಬಿಂದಿಗೆ, ಬಾಣಂತಿ ಇದ್ದರೆ ಆರು. ಜಗಳ ಬಂದರೆ ಅವಳ ಮಾತೇ ಕೊನೆ. ಇಡೀ ಕಾಲೊನಿಯ ರೇಷನ್ ಕಾರ್ಡಿನ ಅರ್ಜಿ ತುಂಬುವವಳೂ ಅವಳೇ. ಅಂಥವಳಿಗೆ ನಾವು ‘ತಂಡವನ್ನು ಮುನ್ನಡೆಸುವ ಐದು ಸೂತ್ರ’ ಹೇಳಿಕೊಟ್ಟೆವು. ಮಾಗಡಿ ಕಡೆಯ ಮಂಚನಬೆಲೆಯಿಂದ ಬಂದು ಶ್ರೀರಾಂಪುರದ ಕೇರಿಯಲ್ಲಿ ಬೆಳೆದ ಹುಡುಗ ಸಿದ್ಧಲಿಂಗಯ್ಯ ಹಾಸ್ಟೆಲ್ ಅನ್ನ ಉಂಡು ಓದಿದರು, ವಿದ್ಯಾರ್ಥಿಯಾಗಿದ್ದಾಗಲೇ ಭಾಷಣಕ್ಕೆ ನಿಂತರು, ಕವಿಯಾಗಿ ಒಂದು ಚಳವಳಿಯ ದನಿಯಾದರು, 1988ರಲ್ಲಿ ವಿಧಾನ ಪರಿಷತ್ತಿಗೆ ಹೋದರು. ಅವರ ಆತ್ಮಕಥೆ ‘ಊರುಕೇರಿ’ ಓದಿದವರಿಗೆ ಗೊತ್ತು, ಆ ನಾಯಕತ್ವಕ್ಕೆ ಊಟ, ಚಾಪೆ, ಲೈಟು, ಜೊತೆಗೆ ಜಗಳ ಮಾಡಲು ಒಂದು ಕಾರಣ ಇದ್ದರೆ ಸಾಕಾಗಿತ್ತು. ನಾವು ಕಾರಣವನ್ನು ತೆಗೆದುಹಾಕಿ ನಾಯಕತ್ವ ಮಾತ್ರ ಕಲಿಸುತ್ತೇವೆ. ಈಜು ಕಲಿಸುವಾಗ ಮೊದಲು ಕೊಳದ ನೀರು ಖಾಲಿ ಮಾಡಿಸುವ ಜಾಣತನ.

ಮಾರ್ಚಿನ ಕೊನೆಯ ಶನಿವಾರ ಸಮಾರೋಪ. ಹೆಡ್ಡಾಫೀಸಿನಿಂದ ದೊಡ್ಡ ಸಾಹೇಬರು ಬಂದಿದ್ದರು. 27ಕ್ಕೆ ‘ಯಶೋಗಾಥೆ’ ಹೇಳಲು ಎರಡು ನಿಮಿಷ, ಬರೆದೂ ಕೊಟ್ಟಿದ್ದರು. ‘ಮೊದಲು ನಾನು ಸಂಕೋಚದ ಹುಡುಗಿಯಾಗಿದ್ದೆ. ಈಗ ನನ್ನಲ್ಲಿ ಆತ್ಮವಿಶ್ವಾಸ ತುಂಬಿದೆ.’ ಟ್ಯಾಂಕರ್ ಡ್ರೈವರನ ಕೀ ಕಿತ್ತುಕೊಂಡಿದ್ದ ಹುಡುಗಿ ಅಷ್ಟನ್ನೂ ವಿಧೇಯಳಾಗಿ ಓದಿದಳು. ಚಪ್ಪಾಳೆ ಬಿತ್ತು. ಅವಳು ಕಾಗದ ಮಡಚಿದಳು, ಮೈಕು ಬಿಡಲಿಲ್ಲ.

“ಸಾರ್, ಕೇಳದಿದ್ರೆ ಸಿಗಲ್ಲ ಅಂತ ಆರನೇ ವಾರ ಹೇಳ್ಕೊಟ್ರಿ. ಅದಕ್ಕೇ ಒಂದು ಕೇಳ್ತೀನಿ. ನಮ್ಮವ್ವ ಇದೇ ಬಿಲ್ಡಿಂಗಲ್ಲಿ ಹೌಸ್‌ಕೀಪಿಂಗ್. ಇವತ್ತು ನನ್ನ ಫಂಕ್ಷನ್ನಿಗೆ ರಜಾ ಕೇಳಿದ್ರೆ ಒಂದು ದಿನದ ಸಂಬಳ ಕಟ್ ಅಂದ್ರಂತೆ. ಅದಕ್ಕೆ ಅಲ್ಲಿ ಬಾಗಿಲ ಹತ್ರ ಮಾಪ್ ಹಿಡ್ಕೊಂಡು ನಿಂತ್ಕೊಂಡು ನೋಡ್ತಾ ಇದಾಳೆ. ಮುಂದೆ ಕುರ್ಚಿ ಖಾಲಿ ಇದಾವಲ್ಲ. ಒಂದು ಕೊಡ್ತೀರಾ?”

ಮೂವತ್ತು ಟೀ-ಶರ್ಟುಗಳು ಒಟ್ಟಿಗೆ ಬಾಗಿಲ ಕಡೆ ತಿರುಗಿದವು. ಹಳದಿ ಫಲಕದ ಪಕ್ಕದಲ್ಲಿ ಒಬ್ಬ ಹೆಂಗಸು ಸೆರಗು ಸರಿಮಾಡಿಕೊಂಡು, ‘ಬ್ಯಾಡ್ರಿ, ಬ್ಯಾಡ್ರಿ’ ಎನ್ನುವ ಹಾಗೆ ಕೈ ಆಡಿಸುತ್ತಾ ಹಿಂದಕ್ಕೆ ಸರಿಯುತ್ತಿದ್ದರು. ದೊಡ್ಡ ಸಾಹೇಬರು ನಕ್ಕರು, ಆಮೇಲೆ ಇದು ಯಾರ ಬೆನಿಫಿಷಿಯರಿ ಎಂಬಂತೆ ಸುತ್ತ ನೋಡಿದರು. ನನ್ನ ಪಕ್ಕದಲ್ಲೇ ಎರಡು ಕುರ್ಚಿ ಖಾಲಿ ಇದ್ದವು. ನಾನು ಟೀ-ಶರ್ಟಿನ ಮೇಲಿನ ಸೂರ್ಯೋದಯವನ್ನು ನೇರ ಮಾಡಿಕೊಂಡೆ. ನಿರೂಪಕಿ ಮೈಕು ತೆಗೆದುಕೊಂಡು “ಎಂಥ ಆತ್ಮವಿಶ್ವಾಸ! ಜೋರಾದ ಚಪ್ಪಾಳೆ” ಎಂದಳು. ಚಪ್ಪಾಳೆ ಮುಗಿದಾಗ ಬಾಗಿಲ ಹತ್ತಿರ ಫಲಕ ಮಾತ್ರ ಇತ್ತು.

ವಾರ್ಷಿಕ ವರದಿ ಬಂದಿದೆ. ‘30 ಯುವ ನಾಯಕರು, 720 ಮಾರ್ಗದರ್ಶನ ಗಂಟೆಗಳು’ ಎಂದು ಹೊಳೆಯುವ ಹಾಳೆಯಲ್ಲಿ ಅಚ್ಚಾಗಿದೆ. 27ರ ಕೊನೆಯ ಮೌಲ್ಯಮಾಪನ: ‘ನಾಯಕತ್ವ ಗುಣ: ನಿರೀಕ್ಷೆಗಿಂತ ಹೆಚ್ಚು. ಮುಂದಿನ ಹಂತಕ್ಕೆ: ಶಿಫಾರಸು ಇಲ್ಲ.’ ಕುರ್ಚಿಯ ಪ್ರಸ್ತಾಪ ಎಲ್ಲೂ ಇಲ್ಲ. ನನ್ನ ಅಪ್ರೈಸಲ್ಲಿನಲ್ಲಿ ಸ್ವಯಂಸೇವೆಗೆ ಪೂರ್ತಿ ಅಂಕ.

ಮಕ್ಕಳಿಂದಲೂ ಮೆಂಟರುಗಳ ಬಗ್ಗೆ ಒಂದು ಫಾರಂ ತುಂಬಿಸಿಕೊಂಡಿದ್ದರು. ನನ್ನದು ನಿನ್ನೆ ಕೈಗೆ ಬಂತು. ‘ನಿಮ್ಮ ಮೆಂಟರ್ ಯಾವುದರಲ್ಲಿ ಸುಧಾರಿಸಬೇಕು?’ ಎಂಬ ಪ್ರಶ್ನೆಯ ಕೆಳಗೆ ಗುಂಡಾದ ಕನ್ನಡ ಅಕ್ಷರಗಳಲ್ಲಿ ಬರೆದಿತ್ತು:

‘ಸಾರ್ ಒಳ್ಳೆಯವರು. ಆದರೆ ದೊಡ್ಡವರ ಮುಂದೆ ಮಾತಾಡಲು ಭಯ. ಅವರಿಗೂ ಒಂದು ಬ್ಯಾಚ್ ಮಾಡಿ.’